ಶೋಭಾರಾಣಿ ಸುತ್ತಿದ ಚಕ್ರ

ಹೆಗ್ಗನಹಳ್ಳಿಯ ಒಂದು ಶೆಡ್ಡಿನಲ್ಲಿ ಸುಟ್ಟುಹೋದ ಪಂಪ್ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತುವುದು ಶೋಭಾರಾಣಿಯ ಕೆಲಸ. ಇಪ್ಪತ್ತೆರಡು ವರ್ಷವಾಯಿತು. ಸೇರಿದ ಹೊಸತರಲ್ಲಿ ಹೆಂಗಸಿನ ಕೈಗೆ ವೈಂಡಿಂಗ್ ಕೊಡಲು ಹಿಂದೆಮುಂದೆ ನೋಡಿದ ಮಾಲೀಕರು, ಈಗ ಯಾರಿಗೂ ಬಗ್ಗದ ಮೋಟರ್ ಬಂದರೆ ಅದನ್ನು ಅವಳ ಬೆಂಚಿನ ಮೇಲಿಟ್ಟು ಹೋಗುತ್ತಾರೆ.

ಅವಳಿಗೂ ಬಗ್ಗದವಳು ಮಗಳು ದಿವ್ಯ. ಶಾಲೆಯೊಂದರಲ್ಲಿ ಆಟದ ಟೀಚರ್. ಮೊದಲ ವರ್ಷದ ಸಂಬಳದಲ್ಲಿ, ಯಾರೋ ಬಳಸಿ ಬಿಟ್ಟ ಮೌಂಟನ್‌ಬೋರ್ಡ್ ಕೊಂಡುತಂದಿದ್ದಳು. ಸ್ಕೇಟ್‌ಬೋರ್ಡಿನ ಹಾಗೇ, ಆದರೆ ಉದ್ದನೆಯ ಹಲಗೆ, ಗಾಳಿ ತುಂಬುವ ನಾಲ್ಕು ದಪ್ಪ ಟೈರು, ಪಾದ ಸಿಕ್ಕಿಸಲು ಪಟ್ಟಿ. ಭಾನುವಾರ ಅಪ್ಪ ಆನಂದನ ಆಟೋದಲ್ಲಿ ಅದನ್ನು ಹಾಕಿಕೊಂಡು ಕೆಂಗೇರಿಯಾಚೆಯ ಇಳಿಜಾರಿಗೆ ಹೋಗುವಳು. ಮಣ್ಣುದಾರಿಯಲ್ಲಿ ಸರ್ರನೆ ಇಳಿಯುವಳು, ಹೊತ್ತುಕೊಂಡು ಮತ್ತೆ ಹತ್ತುವಳು. ಶೋಭಾರಾಣಿ ಒಮ್ಮೆಯೂ ನೋಡಲು ಹೋಗಲಿಲ್ಲ. ಎಲ್ಲಿ ಕೈಕಾಲು ಮುರಿದುಕೊಳ್ಳುತ್ತಾಳೋ ಎಂಬ ಭಯ.

ಪೆಟ್ಟು ಬಿದ್ದದ್ದು ಬೇರೆ ಕಡೆ. ಹೋದ ವರ್ಷ ಮಾಗಡಿ ರಸ್ತೆಯಲ್ಲಿ ವ್ಯಾನೊಂದು ದಿವ್ಯಳ ಸ್ಕೂಟರಿಗೆ ತಗುಲಿ ಎಡಮಂಡಿಯ ಲಿಗಮೆಂಟ್ ಹರಿಯಿತು. ಆಪರೇಷನ್ ಆಗಿ ಎಂಟು ತಿಂಗಳ ಮೇಲೆ ಡಾಕ್ಟರು, ಬೋರ್ಡಿನ ಮೇಲೆ ನಿಲ್ಲಬಹುದು, ಆದರೆ ಸಮನೆಲದಲ್ಲಿ ಮಾತ್ರ, ಇಳಿಜಾರು ಬೇಡವೇ ಬೇಡ ಎಂದರು. ಸಮನೆಲದಲ್ಲಿ ಆ ಬೋರ್ಡು ತಾನಾಗಿ ಉರುಳುವುದಿಲ್ಲ. ದಿವ್ಯ ಅದನ್ನು ಮಂಚದಡಿಗೆ ತಳ್ಳಿದಳು.

ಒಂದು ಸಂಜೆ ಶೋಭಾರಾಣಿ ಕೆಲಸದಿಂದ ಬಂದಾಗ ರೂಮಿನ ಬಾಗಿಲು ಅರ್ಧ ತೆರೆದಿತ್ತು. ದಿವ್ಯ ಬೋರ್ಡನ್ನು ಹೊರಗೆಳೆದು, ಅಲುಗದ ಆ ಹಲಗೆಯ ಮೇಲೆ ಮಂಡಿ ಬಗ್ಗಿಸಿ, ಕಣ್ಣು ಮುಚ್ಚಿ, ಮೆಲ್ಲಗೆ ಆ ಕಡೆ ಈ ಕಡೆ ವಾಲುತ್ತಿದ್ದಳು. ತಾಯಿ ಸದ್ದಾಗದಂತೆ ಹಿಂದೆ ಸರಿದಳು.

ಮರುದಿನವೇ ಗುಜರಿಯಿಂದ, ನಿಂತು ಓಡಿಸುವ ಪುಟ್ಟ ಎಲೆಕ್ಟ್ರಿಕ್ ಸ್ಕೂಟರಿನ ಚಕ್ರವೊಂದನ್ನು ತಂದಳು. ಹಬ್ ಮೋಟರ್, ಅಂದರೆ ಮೋಟರು ಚಕ್ರದ ಒಳಗೇ ಇರುತ್ತದೆ. ಕಾಯಿಲ್ ಕರಕಲಾಗಿತ್ತು. ಬಿಚ್ಚಿ ನೋಡಿದಾಗ ಅವಳಿಗೆ ಸೋಜಿಗ. ಅವಳು ಕಂಡ ಪಂಪ್ ಮೋಟರುಗಳಲ್ಲಿ ತಂತಿ ಹೊರಗಿದ್ದು ನಡುವಿನದು ತಿರುಗುತ್ತಿತ್ತು. ಇಲ್ಲಿ ತಂತಿ ನಡುವೆ ಅಲುಗದೆ ಕೂತಿರುತ್ತದೆ, ಸುತ್ತಲಿನ ಚಕ್ರ ತಿರುಗುತ್ತದೆ. ಊಟದ ಬಿಡುವಿನಲ್ಲಿ ಹನ್ನೆರಡು ದಿನ ಕೂತು ಒಂದೊಂದೇ ಸುತ್ತು ಎಣಿಸಿ ಸುತ್ತಿದಳು. ಬೋರ್ಡಿನ ಹಿಂದಿನ ಒಂದು ಚಕ್ರ ತೆಗೆದು ಇದನ್ನು ಕೂರಿಸಲು ಪಕ್ಕದ ಲೇತ್ ಅಂಗಡಿಯ ಕಲ್ಮೇಶ್ ಕಬ್ಬಿಣದ ಪಟ್ಟಿ ಮಾಡಿಕೊಟ್ಟ. ಬ್ಯಾಟರಿ, ಮೋಟರಿಗೆ ಕರೆಂಟ್ ಅಳೆದು ಬಿಡುವ ಕಂಟ್ರೋಲರ್ ಹಲಗೆಯ ಮೇಲಿನ ಡಬ್ಬಿಯಲ್ಲಿ. ವೇಗ ಹೆಚ್ಚು ಕಡಿಮೆ ಮಾಡಲು ಅಂಗೈಯಲ್ಲಿ ಹಿಡಿಯುವ ರಿಮೋಟ್.

ದಿವ್ಯಳನ್ನು ಕರೆಸಿ ಶೆಡ್ಡಿನ ಮುಂದೆ ಮೊದಲ ಸಲ ಬೋರ್ಡನ್ನು ಬರಿದೇ ಓಡಿಸಿದಾಗ, ಪಟ್ಟಿಯ ಹಿಡಿತ ಸಾಲದೆ, ಚಕ್ರದ ಬದಲು ಅದರ ನಡುವಿನ ಅಚ್ಚಿನ ಕಂಬಿಯೇ ಗಿರ್ರನೆ ತಿರುಗಿತು. ವೈರುಗಳು ಹುರಿಗೊಂಡು ಹರಿದವು.

ದಿವ್ಯ ತಾಯಿಯ ಪಕ್ಕದಲ್ಲಿ ಕಷ್ಟಪಟ್ಟು ಕುಕ್ಕರಿಸಿದಳು. “ಬಿಟ್ಬಿಡಮ್ಮ. ನಾನು ಆಗ್ಲೇ ಮರ್ತಾಯ್ತು.”

ಶೋಭಾರಾಣಿ ಟಾರ್ಚ್ ಹಿಡಿದು ಒಳಗೆಲ್ಲ ನೋಡಿದಳು. “ಹೊರಗಿನ ವೈರ್ ಹರಿದಿದೆ ಅಷ್ಟೇ ಕಣೇ. ಕಾಯಿಲ್ ಚೆನ್ನಾಗೇ ಇದೆ. ನೀನು ಮರ್ತಿಲ್ಲ, ನಾನ್ ನೋಡಿದೀನಿ.”

ದಿವ್ಯ ಗ್ರೀಸು ಹತ್ತಿದ ತಾಯಿಯ ಭುಜಕ್ಕೆ ತಲೆ ಆನಿಸಿದಳು.

ಕಲ್ಮೇಶ್ ದಪ್ಪ ಪಟ್ಟಿ ತಂದು, ಕಂಬಿಯ ಚಪ್ಪಟೆ ತುದಿ ಬಿಗಿಯಾಗಿ ಕೂರುವ ಹಾಗೆ ಅದರ ಸೀಳನ್ನು ಅರದಿಂದ ಉಜ್ಜಿಕೊಟ್ಟ; ಶೋಭಾರಾಣಿ ಹರಿದ ವೈರುಗಳನ್ನು ಬೆಸೆದಳು. ಭಾನುವಾರ ಬೆಳಿಗ್ಗೆ ನಂದಿನಿ ಲೇಔಟಿನ ಮೈದಾನಕ್ಕೆ ಹೋದಾಗ, ಎಳೆತ ಜಾಸ್ತಿಯಿದ್ದರೆ ಮಗಳ ಮಂಡಿಗೆ ಆಗದೆಂದು ಶೋಭಾರಾಣಿ ತಾನೇ ಮೊದಲು ಹೆಲ್ಮೆಟ್ ಹಾಕಿಕೊಂಡು ನಿಂತಳು. ಆನಂದ್ ಕೈ ಹಿಡಿದು ಜೊತೆಗೆ ಓಡಿದ. ಹೊರಡುವಾಗ ಜಗ್ಗಿತು, ಕಂಟ್ರೋಲರಿನಲ್ಲಿ ಎಳೆತ ತಗ್ಗಿಸಿ ಮತ್ತೆ ಹತ್ತಿದಳು. ಮೂರನೆಯ ಸಲಕ್ಕೆ ಬೋರ್ಡು ಮಗುವನ್ನು ಎತ್ತಿಕೊಂಡಷ್ಟು ಮೆತ್ತಗೆ ಹೊರಟಿತು. ಗಾಳಿ ಮುಖಕ್ಕೆ ಬಡಿದಾಗ ನಲವತ್ತೇಳರ ಹೆಂಗಸು ತನಗೇ ಗೊತ್ತಿಲ್ಲದೆ ನಕ್ಕಳು.

ಆಮೇಲೆ ದಿವ್ಯ ಹತ್ತಿದಳು. ಮೈದಾನದ ಆ ತುದಿವರೆಗೆ ಹೋಗಿ, ಮೈ ವಾಲಿಸಿ ತಿರುಗಿಸಿಕೊಂಡು, ಕೆನ್ನೆ ಒದ್ದೆ ಮಾಡಿಕೊಂಡು ಬಂದಳು. ಶೋಭಾರಾಣಿ ಬಗ್ಗಿ ಚಕ್ರಕ್ಕೆ ಅಂಗೈ ಒತ್ತಿ ನೋಡಿದಳು.

“ಬೆಚ್ಚಗಿದೆ, ಸುಡ್ತಿಲ್ಲ. ಇನ್ನೊಂದ್ ರೌಂಡ್ ಹೋಗ್ಬಾ. ಆಮೇಲೆ ನಂಗೂ ಕೊಡು.”