ಮುಂಗಡ ಬೇಡವೆಂದ ರೆನೆಲ್

ರೆನೆಲ್‌ಗೆ ಸಾಲ ಎಂಬ ಮಾತಿಗಿಂತ ಮುಂಗಡ ಎಂಬ ಮಾತಿನ ಮೇಲೆ ಸಿಟ್ಟು ಹೆಚ್ಚು. ಸಾಲ ಬಾಗಿಲು ತಟ್ಟಿಯಾದರೂ ಬರುತ್ತದೆ, ಮುಂಗಡ ನೆಂಟನ ಹಾಗೆ ನಗುನಗುತ್ತಾ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತದೆ ಎಂದು ಅವಳನ್ನು ಸಾಕಿ ಬೆಳೆಸಿದ ಅಜ್ಜಿ ಹೇಳುತ್ತಿದ್ದಳು. ಆ ಕಣಿವೆಯಲ್ಲಿ ಅಜ್ಜಿಯನ್ನು ಮೆಮೇರ್ ಎಂದು ಕರೆಯುವುದು ರೂಢಿ. ಮೆಮೇರ್‌ಳ ಗಂಡ ಆಲೂಗಡ್ಡೆ ಬೆಳೆಯುತ್ತಿದ್ದವನು. ಹಿಮ ಕರಗಿದೊಡನೆ ಬೀಜಕ್ಕೆ, ಗೊಬ್ಬರಕ್ಕೆ ಎಂದು ಮಂಡಿಯವನಿಂದ ಮುಂಗಡ ತರುತ್ತಿದ್ದ. ಗಡ್ಡೆ ಕಿತ್ತು ಪೀಪಾಯಿಗೆ ತುಂಬುವ ಹೊತ್ತಿಗೆ ಪೀಪಾಯಿಗಳೆಲ್ಲ ಮಂಡಿಯವನ ಅಂಗಳಕ್ಕೇ ಉರುಳುತ್ತಿದ್ದವು. ಹೀಗೆ ಉರುಳುತ್ತಾ ಉರುಳುತ್ತಾ ಒಂದು ವರ್ಷ ಹೊಲವೂ ಅವುಗಳ ಹಿಂದೆ ಹೋಯಿತು. ಮುಂಗಡ ತಿಂದವನ ಬೆಳೆ ನೆಲದೊಳಗಿರುವಾಗಲೇ ಪರರ ಪಾಲು ಎಂಬುದು ಆಮೇಲೆ ಆ ಮನೆಯ ವೇದವಾಕ್ಯವಾಯಿತು.

ರೆನೆಲ್ ಇರುವುದು ಅಮೆರಿಕದ ಮೇನ್ ರಾಜ್ಯದ ಬಡಗಣ ತುದಿಯಲ್ಲಿ. ನದಿ ದಾಟಿದರೆ ಕೆನಡಾ. ವಯಸ್ಸು ಮೂವತ್ತೈದು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ. ಗಂಡ ಲೈಲ್ ಕಾಡಿನಿಂದ ಮರದ ದಿಮ್ಮಿ ಸಾಗಿಸುವ ಲಾರಿಯ ಚಾಲಕ. ಮಕ್ಕಳಿಬ್ಬರು, ಎಂಟರ ಟೆಸಾ, ನಾಲ್ಕರ ಕೋಬಿ. ಮನೆ ಎಂದರೆ ರೈಲುಡಬ್ಬಿಯಂಥ ಉದ್ದನೆಯ ತಗಡಿನ ಟ್ರೇಲರ್. ಮನೆ ಇವರದು, ಮನೆ ನಿಂತ ನೆಲ ಎವರೆಟ್ ಹ್ಯಾಸ್ಕೆಲ್ ಎಂಬ ಮುದುಕನದು. ಹೆಸರಿಗೆ ಚಕ್ರದ ಮನೆ, ಆದರೆ ಮೂವತ್ತು ಚಳಿಗಾಲ ಕಂಡ ಆ ಡಬ್ಬಿಯನ್ನು ಎತ್ತಿ ಚಕ್ರಕ್ಕೆ ಕೂರಿಸಿದರೆ ದಾರಿಯಲ್ಲೇ ಎಲುಬು ಬೇರೆ ತೊಗಲು ಬೇರೆಯಾಗುವುದು ಖಂಡಿತ. ಮುದುಕ ನೆಲ ಬಿಡಿ ಎಂದರೆ ಮನೆಯನ್ನೂ ಬಿಟ್ಟ ಹಾಗೆಯೇ.

ಎರಡು ಸಾವಿರದ ಇಪ್ಪತ್ತೊಂದರ ವಸಂತದಲ್ಲಿ ಹ್ಯಾಸ್ಕೆಲ್ ಬಂದು ಆ ಜಾಗ ಮಾರುತ್ತೇನೆಂದ. ಆ ವರ್ಷ ಹೊರಗಿನವರು ಬಂದು, ಕಂಡ ಕಂಡ ಮೂಲೆಯನ್ನೆಲ್ಲ ಕೊಳ್ಳುತ್ತಿದ್ದರು. ಆ ಸೀಮೆಯಲ್ಲಿ ಹುಟ್ಟದವರೆಲ್ಲ ಹೊರಗಿನವರೇ, ಅಲ್ಲೇ ನಲವತ್ತು ವರ್ಷ ಬಾಳಿದರೂ ಅಷ್ಟೆ. ಇವನ ಜಾಗಕ್ಕೂ ಮ್ಯಾಸಚೂಸೆಟ್ಸ್‌ನ ಒಬ್ಬ ಗಿರಾಕಿ ಇದ್ದ. ಆದರೂ ಮುದುಕ ರೆನೆಲ್‌ಗೆ ಒಂದು ಮಾತು ಕೊಟ್ಟ. ಬರುವ ಮಾರ್ಚ್ ಮುಗಿಯುವುದರೊಳಗೆ ಮೊದಲ ಕಂತನ್ನು ಒಂದೇ ಗಂಟಾಗಿ ತಂದಿಟ್ಟರೆ ನೆಲ ನಿನ್ನದು, ಮಿಕ್ಕದ್ದು ನಿಧಾನವಾಗಿ ಕೊಡು ಎಂದ.

ಒಂದೇ ಗಂಟು ಎಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ, ಫೆಬ್ರವರಿ ದುಡ್ಡು. ಮಕ್ಕಳಿರುವ ಮನೆಗೆ ತೆರಿಗೆಯಲ್ಲಿ ಬಿಡುವ ರಿಯಾಯಿತಿ ವರ್ಷಕ್ಕೊಮ್ಮೆ, ಫೆಬ್ರವರಿಯ ಸುಮಾರಿಗೆ, ಇಡಿಯಾಗಿ ಕೈಸೇರುತ್ತದೆ. ಆ ಊರಿನ ಬಡವರಿಗೆ ಅದೇ ಸುಗ್ಗಿ. ಹಳೆಯ ಕಾರಿಗೆ ಹೊಸ ಟೈರು, ಕೆಟ್ಟ ಹಲ್ಲಿಗೆ ಡಾಕ್ಟರು, ಎಲ್ಲವೂ ಫೆಬ್ರವರಿಗೆ ಕಾದು ಕೂತಿರುತ್ತವೆ. ಆ ವರ್ಷ ಸರ್ಕಾರ ರಿಯಾಯಿತಿಯನ್ನು ಹೆಚ್ಚಿಸಿತು. ಜೊತೆಗೆ, ಅಷ್ಟು ದಿನ ಯಾಕೆ ಕಾಯುತ್ತೀರಿ, ಅರ್ಧವನ್ನು ಜುಲೈನಿಂದ ಡಿಸೆಂಬರ್‌ವರೆಗೆ ತಿಂಗಳು ತಿಂಗಳು ಮುಂಗಡವಾಗಿ ಕೊಡುತ್ತೇವೆ, ಬೇಡವಾದವರು ಬೇಡವೆಂದು ತಿಳಿಸಿ ಎಂದಿತು.

ಊರೆಲ್ಲ ಹಿಗ್ಗಿತು. ರೆನೆಲ್ ಬೇಡವೆಂದಳು.

ಸುದ್ದಿ ಹೊರಬಿದ್ದದ್ದು ಚರ್ಚಿನ ಹಾಲ್‌ನಲ್ಲಿ ನಡೆಯುವ ಶನಿವಾರದ ಬೀನ್ಸ್ ಕಾಳಿನ ಊಟದಲ್ಲಿ. ಸೋಂಕಿನ ದೆಸೆಯಿಂದ ನಿಂತಿದ್ದ ಊಟ ಆಗಷ್ಟೇ ಮತ್ತೆ ಶುರುವಾಗಿತ್ತು, ಜನ ಮಾತಿಗೆ ಹಸಿದಿದ್ದರು. ಅವಳ ಅಕ್ಕ ಕೊಲೆಟ್ ತಟ್ಟೆ ಹಿಡಿದು ಎದುರಿಗೇ ಬಂದು ಕೂತಳು.

"ಏನೇ ರೆನೆಲ್, ಕೊಡೋರು ಕೈ ಚಾಚಿದ್ರೆ ಮುಖ ತಿರುಗಿಸ್ತೀಯಂತೆ. ಮನೇಲಿ ದುಡ್ಡಿಗೆ ಹುಳ ಬಿದ್ದಿದ್ಯಾ?"

"ನನ್ನ ಹಸುವಿನ ಹಾಲನ್ನ ನನಗೇ ಮುಂಗಡ ಕೊಡ್ತಾರಂತೆ. ಕರೆಯೋ ಹೊತ್ತಿಗೆ ಕೆಚ್ಚಲು ಖಾಲಿ ಇರ್ಬೇಕಾ?"

"ಹನಿಹನಿ ಕೂಡಿದ್ರೆ ಹಳ್ಳ ಕಣೇ."

"ನಮ್ಮನೇಲಿ ಹನಿಹನಿ ಬಂದದ್ದು ಹನಿಹನಿಯಾಗೇ ನೆಲಕ್ಕೆ ಇಂಗತ್ತೆ."

"ನಿನಗೆ ನೆಲ ಎಲ್ಲಿದ್ಯೇ? ಅದು ಹ್ಯಾಸ್ಕೆಲ್ ಮುದುಕಂದು."

ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ರೆನೆಲ್ ತಟ್ಟೆಯಲ್ಲಿದ್ದುದನ್ನು ಕೊನೆಯ ಕಾಳಿನವರೆಗೂ ತಿಂದು, ಎರಡನೆಯ ಸಲ ಬಡಿಸಿಕೊಂಡು, ಅದನ್ನೂ ತಿಂದು ಎದ್ದಳು. ನಕ್ಕವರ ಎದುರು ಅರ್ಧ ಊಟಕ್ಕೆ ಏಳುವ ಹೆಂಗಸಲ್ಲ ಅವಳು.

ಬೇಡ ಎನ್ನುವುದೂ ಸುಲಭವಿರಲಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿ, ನಾನೇ ನಾನು ಎಂದು ಸಾಬೀತು ಮಾಡಬೇಕಿತ್ತು. ಟ್ರೇಲರ್ ಇದ್ದಲ್ಲಿ ಸಿಗ್ನಲ್ ಬರುವುದು ಮನೆದೇವರು ಮೈಮೇಲೆ ಬಂದಷ್ಟೇ ಅಪರೂಪ, ಹಾಗಾಗಿ ಕೆಲಸ ಮುಗಿಸಿ ಗ್ರಂಥಾಲಯಕ್ಕೆ ಹೋದಳು. ಮುಖ ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಯಂತ್ರ ಒಪ್ಪಲಿಲ್ಲ. ಅಡುಗೆಮನೆಯಲ್ಲಿ ಕೂದಲಿಗೆ ಕಟ್ಟಿದ ಬಲೆ ಇನ್ನೂ ತಲೆಯ ಮೇಲಿತ್ತು. ಅದನ್ನು ಕಿತ್ತು ಜೇಬಿಗೆ ತುರುಕಿ ಕೆಂಡದ ಕಣ್ಣಿನಿಂದ ದಿಟ್ಟಿಸಿದಾಗ ಯಂತ್ರ ಒಪ್ಪಿತು. ಗಡುವಿಗೆ ಮುಂಚೆ ಕೆಲಸವಾಯಿತೆಂದು ಎದೆ ಉಬ್ಬಿಸಿಕೊಂಡು ಮನೆಗೆ ಬಂದಳು.

ಅವಳು ಎಡವಿದ್ದು ಅಲ್ಲಿಯೇ. ಆ ಮನೆಯ ಕಾಗದ ಪತ್ರವೆಲ್ಲ ಮದುವೆಯಾದಂದಿನಿಂದ ಅವಳದು. ಗಂಡ ಹೆಂಡತಿಯ ತೆರಿಗೆ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಸಲ್ಲಿಸುವುದು, ಅವಳು ಬೆರಳಿಟ್ಟ ಕಡೆ ಲೈಲ್ ಸಹಿ ಹಾಕುವುದು, ಹೀಗೇ ನಡೆದುಬಂದಿತ್ತು. ಒಂದು ಒಲೆ, ಒಂದು ಲೆಕ್ಕ, ಒಂದು ಮಾತು ಎಂದು ನಂಬಿದ್ದಳು.

ಜುಲೈ ನಡುವಿನಲ್ಲಿ ಬ್ಯಾಂಕಿಗೆ ಮುಂಗಡ ಬಂದು ಬಿತ್ತು, ತಿಂಗಳಿಗೆ ಬರಬೇಕಾದದ್ದರ ಸರಿಯಾಗಿ ಅರ್ಧ. ಬೇಡವೆಂದರೂ ಕತ್ತು ಹಿಡಿದು ಕುಡಿಸುತ್ತಾರಲ್ಲ ಎಂದು ಅವಳಿಗೆ ಮೈ ಉರಿಯಿತು. ಸಹಾಯವಾಣಿಗೆ ಫೋನ್ ಮಾಡಿ, ಆಲೂಗಡ್ಡೆ ಬೇಯಿಸಿ ಸುಲಿದು ಕಿವುಚುವಷ್ಟು ಹೊತ್ತು ಕಾಯುವವರಿಗೆಂದು ಹಾಕಿದ ಅವರ ವಾದ್ಯ ಕೇಳಿದ ಮೇಲೆ ಒಬ್ಬಳು ಸಿಕ್ಕಳು. ಸಹನೆಯವಳೇ.

"ಮೇಡಂ, ನೀವು ಬೇಡ ಅಂದದ್ದು ನಿಮ್ಮ ಅರ್ಧ. ನಿಮ್ಮ ಯಜಮಾನ್ರು ಅವರ ಅರ್ಧ ಬೇಡ ಅಂದಿಲ್ಲ."

"ಅವರ ಪರವಾಗಿ ನಾನೇ ಹೇಳ್ತಾ ಇದೀನಲ್ಲ."

"ಅವರ ಮುಖ ಅವರೇ ತೋರಿಸ್ಬೇಕು."

ಆ ಸಂಜೆ ಲೈಲ್ ಉಣ್ಣುತ್ತಿದ್ದ. ಒಂದೇ ಮಗ್ಗುಲು ಬೇಯಿಸುವ ಪ್ಲಾಯ್ ದೋಸೆಗೆ ಬೆಣ್ಣೆ ಸವರಿ, ಸುರುಳಿ ಸುತ್ತಿ ಬಾಯಿಗಿಡುತ್ತಿದ್ದ. ರೆನೆಲ್ ನಡೆದದ್ದನ್ನೆಲ್ಲ ಹೇಳಿ, ನಾಳೆ ಗ್ರಂಥಾಲಯಕ್ಕೆ ಬಾ, ಮುಖ ತೋರಿಸಿ ಬರೋಣ, ಮುಂದಿನ ತಿಂಗಳದ್ದಾದರೂ ನಿಲ್ಲಲಿ ಎಂದಳು. ಅವನು ಅಗಿಯುವುದನ್ನು ಮುಗಿಸಿದ.

"ನಾನು ತೋರಿಸಲ್ಲ."

ತಮಾಷೆ ಇರಬೇಕೆಂದುಕೊಂಡಳು. ಆದರೆ ಮಾತಿಲ್ಲದ ಆ ಮನುಷ್ಯನೊಳಗೆ ಮಾತು ಕಟ್ಟೆ ಕಟ್ಟಿಕೊಂಡು ನಿಂತಿತ್ತು. ಹಿಂದಿನ ಚಳಿಗಾಲ ಅವನು ಬೆನ್ನು ಹಿಡಿದುಕೊಂಡು ಮನೆಯಲ್ಲಿ ಬಿದ್ದಿದ್ದ. ಮನೆ ಕಾಯಿಸುವ ಎಣ್ಣೆಯ ತೊಟ್ಟಿ ಬರಿದಾಗಿ, ಕೊಲೆಟ್‌ಳ ಮನೆಯಿಂದ ಡಬ್ಬದಲ್ಲಿ ಬೇಡಿ ತಂದು ಸುರಿದಿದ್ದರು. ಆ ಡಬ್ಬ ಹಿಡಿದು ಅತ್ತಿಗೆಯ ಬಾಗಿಲಲ್ಲಿ ನಿಂತವನು ಲೈಲ್.

"ಕೋಬಿ ಕೋಟು ಹಾಕ್ಕೊಂಡೇ ಮಲಗ್ತಿದ್ದ. ನಿನಗೆ ನೆಲ ಬೇಕು, ಸರಿ. ನೆಲದ ಮೇಲಿರೋರು ಬೆಚ್ಚಗಿರೋದು ಬೇಡ್ವಾ? ನನ್ನ ಅರ್ಧ ನಾನು ತಗೋತೀನಿ, ತೊಟ್ಟಿ ತುಂಬಿಸ್ತೀನಿ."

"ಮುಂಗಡ ತಿಂದ ಮನೆ ಏನಾಗುತ್ತೆ ಅಂತ ನಾನು ನೋಡಿದೀನಿ."

"ನೀನು ನೋಡಿಲ್ಲ. ನಿಮ್ಮ ಮೆಮೇರ್ ನೋಡಿದ್ದು. ನೀನು ಕೇಳಿದ್ದು ಅಷ್ಟೆ. ಈ ಪ್ಲಾಯ್ ಥರ ಒಂದೇ ಮಗ್ಗುಲು ಬೆಂದಿದೀಯ ನೀನು, ಇನ್ನೊಂದು ಮಗ್ಗುಲು ತಿರುಗಿಸೋಕೇ ಬಿಡಲ್ಲ."

ರೆನೆಲ್ ಕಾವಲಿಯನ್ನು ಒಲೆಯಿಂದ ಕೆಳಗಿಳಿಸಿದಳು. ಅಳಬಹುದಿತ್ತು, ಕೂಗಾಡಬಹುದಿತ್ತು. ಎರಡನ್ನೂ ಮಾಡಲಿಲ್ಲ. ಮುಂಗಡದ ಅರ್ಧದಲ್ಲಿ ಅವನ ಅರ್ಧ ಹೋದರೆ ಫೆಬ್ರವರಿಯ ಗಂಟಿನಲ್ಲಿ ಕಾಲುಭಾಗ ಕಡಿಮೆ ಬೀಳುತ್ತದೆ, ಮುದುಕ ಕೇಳಿದ್ದಕ್ಕೆ ಅದು ಮುಟ್ಟುವುದಿಲ್ಲ. ಇಷ್ಟು ಅವಳ ತಲೆಯಲ್ಲಿ ಓಡಿತು.

"ಸರಿ. ನಿನ್ನ ಅರ್ಧ ನಿನಗೆ, ನಾನು ಬೆರಳು ತಾಗಿಸಲ್ಲ. ನನ್ನ ಅರ್ಧದ ಕಡೆ ನೀನು ತಿರುಗಿ ನೋಡ್ಬೇಡ. ಕಮ್ಮಿ ಬಿದ್ದದ್ದನ್ನ ನಾನು ದುಡಿದು ತುಂಬಿಸ್ತೀನಿ. ಆಮೇಲೆ ನೆಲ ಯಾರದು ಅಂತ ನನ್ನ ಕೇಳು."

ಅಂದಿನಿಂದ ಒಂದೇ ಸೂರಿನ ಕೆಳಗೆ ಎರಡು ರಾಜ್ಯಗಳಾದವು. ಸಂಬಳದಲ್ಲಿ ಅನ್ನ ಬಟ್ಟೆ. ಲೈಲ್‌ನ ಮುಂಗಡದಲ್ಲಿ ತಿಂಗಳು ತಿಂಗಳು ಎಣ್ಣೆಯ ಲಾರಿ ಬಂದು ತೊಟ್ಟಿಗೆ ಸುರಿದು ಹೋಗುವುದು. ಲಾರಿ ಬಂದಾಗ ರೆನೆಲ್ ಬೇಕೆಂದೇ ಕಿಟಕಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು. ಇವನೂ ಕಮ್ಮಿಯವನಲ್ಲ, ಅವಳಿಗೆ ಕೇಳಲೆಂದೇ ತೊಟ್ಟಿಯನ್ನು ಗೆಣ್ಣಿನಿಂದ ತಟ್ಟಿ ತುಂಬಿದ ಸದ್ದು ಮಾಡುತ್ತಿದ್ದ.

ಸೆಪ್ಟೆಂಬರ್‌ನಲ್ಲಿ ಆಲೂಗಡ್ಡೆ ಕೊಯ್ಲು ಬಂತು. ಕೊಯ್ಲಿಗೆಂದೇ ಶಾಲೆಗೆ ರಜೆ ಕೊಡುವ ಊರು ಅದು. ರೆನೆಲ್ ವೃದ್ಧಾಶ್ರಮದ ಅಡುಗೆಮನೆಗೆ ರಜೆ ಹಾಕಿ, ಮೆಮೇರ್ ಒಂದು ಕಾಲದಲ್ಲಿ ಬೆನ್ನು ಬಗ್ಗಿಸಿದ ಹೊಲಗಳಲ್ಲೇ ಅಗೆಯುವ ಯಂತ್ರ ಹತ್ತಿದಳು. ಯಂತ್ರ ನೆಲವನ್ನು ಉಗುಳುತ್ತಾ ಹೋಗುತ್ತದೆ, ಮೇಲೆ ನಿಂತವರು ಓಡುವ ಪಟ್ಟಿಯಿಂದ ಕಲ್ಲು, ಹೆಂಟೆ, ಕೊಳೆತ ಗಡ್ಡೆಗಳನ್ನು ಆರಿಸಿ ಎಸೆಯಬೇಕು. ಬೆಳಗಿನ ಮಂಜಿನಲ್ಲಿ ಬೆರಳು ಮರಗಟ್ಟಿ, ಮಧ್ಯಾಹ್ನ ಧೂಳಿನಲ್ಲಿ ಗಂಟಲು ಕಟ್ಟಿ, ಸಂಜೆ ಮನೆಗೆ ಬಂದರೆ ಕಣ್ಣು ಮುಚ್ಚಿದಾಗಲೂ ಪಟ್ಟಿ ಓಡುತ್ತಲೇ ಇರುತ್ತಿತ್ತು. ಮಕ್ಕಳನ್ನು ನೋಡಿಕೊಂಡವಳು ಕೊಲೆಟ್. ಬೇಡ ಅಂದ ದುಡ್ಡನ್ನೇ ಈಗ ಮಣ್ಣು ತಿಂದು ದುಡೀತಿದೀಯಲ್ಲೇ ಎಂದು ಅಣಕಿಸುತ್ತಾ ಅಣಕಿಸುತ್ತಾ, ಅವಳೇ ಸಂಜೆಗೆ ಬಿಸಿ ಸೂಪು ಕಳಿಸುತ್ತಿದ್ದಳು.

ಜನವರಿಯಲ್ಲಿ ಥಂಡಿ ಮೂಳೆಗಿಳಿಯಿತು. ಕಾರುಗಳು ಬೆಳಗಾದರೆ ಕಲ್ಲಾಗುತ್ತಿದ್ದವು. ಟ್ರೇಲರ್ ಒಳಗೆ ಮಾತ್ರ ಕೋಬಿ ಅಂಗಿ ಕಿತ್ತೆಸೆದು ಕುಣಿಯುತ್ತಿದ್ದ. ಆ ಬಿಸುಪು ಯಾರ ದುಡ್ಡಿನದೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ತಪ್ಪು ಒಪ್ಪುವುದು ರೆನೆಲ್‌ಳ ಜಾಯಮಾನವಲ್ಲ. ಆದರೆ ಒಂದು ಬೆಳಿಗ್ಗೆ ಎದ್ದವಳು ಅವನ ಪ್ಲಾಯ್‌ಗೆ ತಾನೇ ಬೆಣ್ಣೆ ಸವರಿ ಕೊಟ್ಟಳು. ಅವನು ಏನಿದು ಹೊಸದು ಎಂದು ಕೇಳದಷ್ಟು ಬುದ್ಧಿವಂತ.

ಫೆಬ್ರವರಿಯ ಕೊನೆಯಲ್ಲಿ ದುಡ್ಡು ಬಂತು. ಊರಿನ ತುಂಬ ಗೊಣಗಾಟ, ಹಿಂದಿನ ಹಾಗೆ ಗಂಟು ಬರಲಿಲ್ಲವೆಂದು, ಸರ್ಕಾರ ಕೈಕೊಟ್ಟಿತೆಂದು. ಕೊಲೆಟ್ ಗಟ್ಟಿಯಾಗಿಯೇ ಬೈದಳು. ರೆನೆಲ್‌ಳ ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು, ಕೊಯ್ಲಿನ ಸೂಪಿನ ನೆನಪಾಗಿ ನುಂಗಿಕೊಂಡಳು. ಮುಕ್ಕಾಲು ಉಳಿದ ಗಂಟು, ಅದರ ಮೇಲೆ ಕೊಯ್ಲಿನ ಕೂಲಿ, ಎರಡೂ ಕೂಡಿ ಮುದುಕ ಕೇಳಿದ್ದು ಆಗಿತ್ತು.

ಮಾರ್ಚ್ ಮುಗಿಯಲು ಇನ್ನೂ ದಿನಗಳಿರುವಾಗಲೇ ಗಂಡ ಹೆಂಡತಿ ಹ್ಯಾಸ್ಕೆಲ್‌ನ ಮನೆಗೆ ಹೋದರು. ಮುದುಕ ಕಾಫಿ ಕೊಟ್ಟ, ಹವಾಮಾನ ಮಾತಾಡಿದ, ಆಮೇಲೆ ಮೆಲ್ಲಗೆ ರಾಗ ಎಳೆದ. ಮ್ಯಾಸಚೂಸೆಟ್ಸಿನವನು ಬೆಲೆ ಏರಿಸಿದ್ದಾನೆ, ಅವನಿಗೆ ಏನಾದರೊಂದು ಹೇಳಬೇಕಲ್ಲ, ಇನ್ನೊಂದು ವರ್ಷ ಬಾಡಿಗೆಗೇ ಇರಿ, ಆಮೇಲೆ ನೋಡೋಣ ಎಂದ. ಲೈಲ್‌ನ ಮುಖ ಇಳಿದುಹೋಯಿತು. ರೆನೆಲ್ ಬಟ್ಟಲು ಕೆಳಗಿಟ್ಟಳು.

"ಎವರೆಟ್, ನೀವು ಮಾತು ಕೊಟ್ಟಿದ್ರಿ."

"ಮಾತು ಕೊಟ್ಟಿದ್ದೆ ಕಣಮ್ಮ, ಇಲ್ಲ ಅನ್ನಲ್ಲ. ಆದ್ರೆ ಅವನು ಕೊಡೋದು..."

"ನಿಮ್ಮ ಮಾತು ಎಷ್ಟಕ್ಕೆ ಮುರಿಯುತ್ತೆ ಅಂತ ಅವನು ಬೆಲೆ ಕಟ್ಟಿದಾನೆ. ನಾನು ಕಟ್ಟಲ್ಲ. ನೀವು ಹೇಳಿದ್ದು ತಂದಿದೀನಿ, ಒಂದು ಡಾಲರ್ ಹೆಚ್ಚಿಲ್ಲ, ಒಂದು ಡಾಲರ್ ಕಮ್ಮಿ ಇಲ್ಲ. ತಗೊಳ್ಳೋವರೆಗೆ ಈ ಕುರ್ಚಿ ಬಿಟ್ಟು ಏಳಲ್ಲ."

ಮುದುಕ ಲೈಲ್‌ನ ಕಡೆ ನೋಡಿದ. ಗಂಡಸು ಗಂಡಸಿನ ಕಡೆ ನೋಡುವ ನೋಟ ಅದು. ಲೈಲ್ ಕೆಮ್ಮಿದ.

"ಅವಳು ಏಳಲ್ಲ ಅಂದ್ರೆ ಏಳಲ್ಲ. ನಾನು ಜುಲೈನಿಂದ ನೋಡ್ತಾ ಇದೀನಿ. ರಾತ್ರಿ ಊಟಕ್ಕೆ ನಿಮಗೇ ತೊಂದ್ರೆ."

ಹ್ಯಾಸ್ಕೆಲ್ ಗೋಡೆಯ ಗಡಿಯಾರ ನೋಡಿದ, ಕಿಟಕಿ ನೋಡಿದ, ಕೊನೆಗೆ ಅವಳ ಬೂಟುಗಳಿಂದ ಹಿಮ ಕರಗಿ ತನ್ನ ನೆಲದ ಮೇಲೆ ಹರಿಯುತ್ತಿರುವುದನ್ನು ನೋಡಿದ. ಆಮೇಲೆ ನಗು ತಡೆಯಲಾರದೆ ತಲೆಯಾಡಿಸಿದ. ಆ ವಾರವೇ ಪೇಟೆಯ ವಕೀಲರ ಬಳಿ ಸಹಿಗಳಾದವು.

ವಕೀಲರ ಮನೆಯಿಂದ ಬಂದವಳು ಟ್ರೇಲರ್ ಒಳಗೆ ಹೋಗಲಿಲ್ಲ. ಜಾಗದ ಮೂಲೆಗಳಿಗೆ ಕಬ್ಬಿಣದ ಗೂಟ ಹೊಡೆದಿದೆ ಎಂದು ಪತ್ರದಲ್ಲಿತ್ತು. ಎತ್ತ ನೋಡಿದರೂ ಸೊಂಟದೆತ್ತರ ಹಿಮ. ಕೊಂಡ ನೆಲದ ಒಂದು ಅಂಗೈ ಅಗಲವೂ ಕಣ್ಣಿಗೆ ಬೀಳುತ್ತಿರಲಿಲ್ಲ. ರೆನೆಲ್ ಮೆಟ್ಟಿಲ ಬಳಿಯ ಸಲಿಕೆ ತೆಗೆದುಕೊಂಡು, ರಸ್ತೆಯ ಬದಿಯ ಮೂಲೆ ಎಲ್ಲಿರಬಹುದೆಂದು ಅಂದಾಜು ಮಾಡಿ ಅಗೆಯತೊಡಗಿದಳು.

"ಮೇ ತಿಂಗಳಿಗೆ ತಾನಾಗೇ ಕಾಣುತ್ತೆ ಕಣೇ," ಎಂದ ಲೈಲ್.

"ಮೇ ತಿಂಗಳವರೆಗೆ ಯಾರು ಕಾಯ್ತಾರೆ? ನನಗೆ ಇವತ್ತೇ ಕಾಣ್ಬೇಕು."

ಮೊದಲ ಗುಂಡಿಯಲ್ಲಿ ಏನೂ ಸಿಗಲಿಲ್ಲ. ಎರಡನೆಯದರಲ್ಲಿ ಹಿಮ ಮುಗಿದು ಚಪ್ಪಟೆಯಾಗಿ ಮಲಗಿದ್ದ ಹಳದಿ ಹುಲ್ಲು ಕಂಡಿತು. ಒಂದು ಮೊಳ ಆಚೆಗೆ ಸಲಿಕೆಯ ಬಾಯಿ ಕಬ್ಬಿಣಕ್ಕೆ ತಾಗಿ ಠಣ್ ಎಂದಿತು. ಅವಳು ಮಂಡಿಯೂರಿ, ಕೈಗವಸು ಬಿಚ್ಚಿ, ಗೂಟದ ಸುತ್ತಲ ಹಿಮವನ್ನು ಬರಿಗೈಯಿಂದಲೇ ಕೆರೆದಳು. ಲೈಲ್ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಲಾರಿಯಿಂದ ತನ್ನ ಸಲಿಕೆ ತಂದು, ಮಿಕ್ಕ ಮೂಲೆಗಳು ಯಾವ ಕಡೆ ಇವೆ ಎಂದು ಕೇಳಿದ.