ವಿಮಾನ ಇಳಿದ ಮೇಲೂ ಒಂದು ಹೊಳೆ

ಬೆಳಕು ಹರಿಯುವ ಹೊತ್ತು. ಕಬಿನಿಯ ಮೈಸೂರು ದಡದಲ್ಲಿ ಅಂಬಿಗ ಚಿಕ್ಕಮಾದು ದೋಣಿಯೊಳಗೆ ನಿಂತ ಮಳೆನೀರನ್ನು ತೆಂಗಿನ ಚಿಪ್ಪಿನಿಂದ ಮೊಗೆದು ಚೆಲ್ಲುತ್ತಿದ್ದಾರೆ. ಎದುರು ದಡ ವಯನಾಡಿನ ಕೊಳವಳ್ಳಿ, ಅವರ ಊರು. ನಡುವೆ ಆಷಾಢದ ಹೊಳೆ ಕೆಂಪಗೆ ಮೊರೆಯುತ್ತಿದೆ.

ದಾಟಲು ಕಾದಿರುವ ವೀಳ್ಯದೆಲೆ ವ್ಯಾಪಾರಿ ಗುರುಮಲ್ಲಪ್ಪನವರ ತಾಳ್ಮೆ ಮುಗಿದಿದೆ. “ಏನ್ ಮಾದಣ್ಣ, ದೋಣಿ ಬೇರು ಬಿಡ್ತಾ?”

“ಪದ್ಮನಾಭನ ಮಗ್ಳು ಓಮನ ಬರ್ಬೇಕು. ಕುವೈತಿಂದ.”

“ವಿಮಾನ ನಿನ್ ದೋಣಿ ಒಳಕ್ಕೇ ಇಳೀತದಾ?”

“ಇಳಿಯೋದು ಎಲ್ಲಾದ್ರೂ ಇಳೀಲಿ. ದಾಟ್ಸೋನು ನಾನೇ ಅಲ್ವಾ?”

ನೆಲ ಹುಡುಕಿ ತಿರುವಾಂಕೂರಿನಿಂದ ವಯನಾಡಿಗೆ ಬರುವವರು ಇನ್ನೂ ಬರುತ್ತಲೇ ಇದ್ದಾರೆ. ಮೊದಲು ಬಂದವರ ಮಕ್ಕಳು ಆಗಲೇ ಕೊಲ್ಲಿ ದೇಶಗಳಿಗೆ ಹಾರುತ್ತಿದ್ದಾರೆ. ಅವರ ಬಿತ್ತನೆ ಭತ್ತ, ಜ್ವರದ ಮಕ್ಕಳು, ಹೆಣಗಳು, ಎಲ್ಲವನ್ನೂ ದಾಟಿಸಿದ್ದು ಚಿಕ್ಕಮಾದು. ಈ ಅಂಬಿಗರೂ ತಮ್ಮ ಇಬ್ಬರು ಮಕ್ಕಳನ್ನು ಮಲೇರಿಯಾಕ್ಕೆ ಕೊಟ್ಟಿದ್ದಾರೆ.

ಹಾಗೆ ಮೊದಲು ಬಂದವರಲ್ಲೊಬ್ಬರಾದ ಪದ್ಮನಾಭನ್ ನಿನ್ನೆ ಮಧ್ಯಾಹ್ನ ತೀರಿಕೊಂಡರು. ಅಪ್ಪನಿಗೆ ಕಾಯಿಲೆ ಹೆಚ್ಚಾಗಿದೆ ಎಂಬ ತಂತಿಯಷ್ಟೇ ಓಮನಳನ್ನು ಮುಟ್ಟಿತ್ತು. ಅಣ್ಣ ಚಂದ್ರನ್ ಲೆಕ್ಕ ಹಾಕಿದ: ಕುವೈತಿನಿಂದ ಬೊಂಬಾಯಿ ಎರಡು ಸಾವಿರದ ಏಳುನೂರು ಕಿಲೋಮೀಟರು, ನಾಲ್ಕು ಗಂಟೆ, ಅಲ್ಲಿಂದ ಬೆಂಗಳೂರಿಗೆ ಸುಮಾರು ಎರಡು ಗಂಟೆ. ನಿನ್ನೆ ಬೆಳಿಗ್ಗೆ ಹೊರಟವಳು ಸಂಜೆಗೇ ಬರಬೇಕಿತ್ತು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದರಲ್ಲಿ ಎರಡು ವಿಮಾನಗಳ ನಡುವೆ ಕಾಯುವ ಹೊತ್ತಿಲ್ಲ, ಮೈಸೂರಿನ ಬಸ್ಸಿಲ್ಲ, ತುಂಬಿದ ಹೊಳೆಯಿಲ್ಲ. ದಹನಕ್ಕೆ ಬೆಳಗಿನವರೆಗೆ ಕಾಯುತ್ತೇವೆ, ಆಮೇಲೆ ಆಗದು ಎಂದಿದ್ದ ಚಂದ್ರನ್. ಅದಕ್ಕೇ ಚಿಕ್ಕಮಾದು ನಿನ್ನೆ ಕತ್ತಲಾಗುವ ಮೊದಲೇ ದೋಣಿಯನ್ನು ಈ ದಡಕ್ಕೆ ತಂದು ಕಟ್ಟಿದ್ದು.

ಬಿಸಿಲು ಮೂಡುವಾಗ ಆಚೆ ದಡದ ಪದ್ಮನಾಭನ್ ಅವರ ತೋಟದಿಂದ ಹೊಗೆ ಏಳುತ್ತದೆ. ಸ್ವಲ್ಪ ಹೊತ್ತಿಗೆ ಬಿದಿರುಮೆಳೆಯೊಳಗಿಂದ ಸೂಟ್‌ಕೇಸು ಹಿಡಿದ ಓಮನ, ಜಾರುವ ದಾರಿಯ ಮೇಲೆ ಕಣ್ಣಿಟ್ಟು ಇಳಿದು ಬರುತ್ತಾಳೆ. ಚಿಕ್ಕಮಾದು ಹೊಗೆಗೆ ಅಡ್ಡವಾಗಿ ನಿಲ್ಲುತ್ತಾರೆ.

“ಮಾದೇಟ್ಟಾ, ಅಚ್ಛನ್ ಹೇಗಿದಾರೆ?” ಅಪ್ಪನ ಬಗ್ಗೆ ಅವಳ ಮೊದಲ ಪ್ರಶ್ನೆ.

ಅವರು ಹೆಗಲ ಟವೆಲ್ಲಿನಿಂದ ಹಲಗೆ ಒರೆಸುತ್ತಾರೆ. “ಈ ಕಡೆ ತಿರುಗಿ ಕೂತ್ಕೋ ಮೋಳೇ,” ಎನ್ನುತ್ತಾರೆ, ಮಗಳೇ ಎಂಬುದನ್ನು ಅವಳ ಮಲಯಾಳದಲ್ಲೇ.

ಸಾವಿನ ಮನೆಗೆ ಹೋಗುವವರನ್ನು ಬಿಟ್ಟುಬಂದ ದಡಕ್ಕೆ ಮುಖ ಮಾಡಿ ಕೂರಿಸುವುದು ದೋಣಿ ದಾಟುವ ಈ ಕಡವಿನ ರೂಢಿ. ಹೊಗೆ ಕಂಡವರು ನಡುನೀರಿನಲ್ಲಿ ಎದ್ದುನಿಂತರೆ ದೋಣಿ ಮಗುಚುತ್ತದೆ. ಈ ಊರಿನಲ್ಲೇ ಬೆಳೆದ ಓಮನಳಿಗೆ ಅದು ಗೊತ್ತು. ಅವಳು ಹಲಗೆಯನ್ನು ನೋಡುತ್ತಾಳೆ, ಚಿಕ್ಕಮಾದುವಿನ ಮುಖ ನೋಡುತ್ತಾಳೆ. ಆಮೇಲೆ ಹೇಳಿದ ಕಡೆಗೇ ತಿರುಗಿ ಕೂರುತ್ತಾಳೆ. ಗುರುಮಲ್ಲಪ್ಪ ಎಲೆಯ ಪೆಂಡಿ ಬದಿಗಿಟ್ಟು ಅವಳ ಸೂಟ್‌ಕೇಸನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ.

ಸೆಳೆತ ಜೋರಿದ್ದಾಗ ದೋಣಿ ನೇರ ದಾಟುವುದಿಲ್ಲ; ದಡ ಹಿಡಿದು ಬಹುದೂರ ಮೇಲಕ್ಕೆ ಹೋಗಿ, ಆಮೇಲೆ ಅಡ್ಡಕ್ಕೆ ತಿರುಗಬೇಕು. “ಕಡಲನ್ನೇ ನಾಲ್ಕು ಗಂಟೇಲಿ ದಾಟ್ದೆ,” ಎನ್ನುತ್ತಾಳೆ ಓಮನ, ನೀರಿಗೆ ಹೇಳುವಂತೆ. ಚಿಕ್ಕಮಾದು ದೋಣಿಯನ್ನು ಅಡ್ಡಕ್ಕೆ ತಿರುಗಿಸುತ್ತಾರೆ.

ಅವಳನ್ನು ಇಳಿಸಿ, ಹುಟ್ಟನ್ನು ದಡಕ್ಕೆ ಒರಗಿಸಿದ ಚಿಕ್ಕಮಾದುವಿಗೆ ಇರುವುದು ಒಂದೇ ಆಸೆ; ಅದನ್ನು ಗುರುಮಲ್ಲಪ್ಪನವರಿಗೆ ಹೇಳುತ್ತಾರೆ.

“ಇಲ್ಲಿಗೆ ಸೇತುವೆ ಬರ್ತದಂತೆ. ಬರ್ಲಿ, ಬ್ಯಾಡ ಅನ್ನಲ್ಲ. ಅದಕ್ಕೂ ಮೊದ್ಲು, ವಿಮಾನದಲ್ಲಿ ಬಂದೋರನ್ನ ಒಂದ್ ಸಲನಾದ್ರೂ ಊರ್ ಕಡೀಕೆ ಮುಖ ಮಾಡಿ ಕೂರ್ಸಿ ದಾಟಿಸ್ಬೇಕು.”