ಪಕ್ಕದ ಗೋರಿ ಯಾರದು?

ಬೆಂಗಳೂರಿನಿಂದ ಯಾರೇ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಬಂದರೂ ಲಾಸ್ ಏಂಜಲೀಸಿನಿಂದ ಎರಡು ಗಂಟೆ ದೂರದ ಮೀರಾ ಮೆಸಾದಲ್ಲಿ ಶಾಮಲಾಳ ಮನೆಯಲ್ಲೇ ಇಳಿದುಕೊಳ್ಳುತ್ತಿದ್ದರು. ಬಂದವರಿಗೆಲ್ಲ ಲಾಸ್ ಏಂಜಲೀಸ್ ನೋಡಲೇಬೇಕು. ಗಂಡ ಅರವಿಂದನಿಗೆ ಟೆಲಿಕಾಂ ಕಂಪನಿಯ ಮೀಟಿಂಗು. "ಶಾಮಲಾ ಕರ್ಕೊಂಡು ಹೋಗ್ತಾಳೆ ಬಿಡಿ" ಎಂದು ಸೋಫಾದಲ್ಲಿ ಕೂತೇ ಹೇಳಿಬಿಡುತ್ತಿದ್ದ. ಪ್ರಾಥಮಿಕ ಶಾಲೆಯೊಂದರಲ್ಲಿ ಸಹಾಯಕ ಶಿಕ್ಷಕಿಯಾಗಿದ್ದ ಶಾಮಲಾ ರಜೆ ಹಾಕಿ, ಚಿತ್ರಾನ್ನ ಕಟ್ಟಿಕೊಂಡು ಹೊರಡುತ್ತಿದ್ದಳು. ಫ್ರೀವೇಯಲ್ಲಿ ಕಾರು ಆಮೆಯಂತೆ ತೆವಳುವಾಗ ಅತಿಥಿಗಳು ಹಿಂದಿನ ಸೀಟಿನಿಂದ "ಇನ್ನೂ ಎಷ್ಟು ದೂರಮ್ಮ?" ಎಂದು ಕೇಳುತ್ತಿದ್ದರು. ಊರಿಗೆ ಮರಳಿದ ಮೇಲೆ ಅವರ ಥ್ಯಾಂಕ್ಸ್ ಮೆಸೇಜು ಬರುತ್ತಿದ್ದದ್ದು ಅರವಿಂದನ ಫೋನಿಗೆ.

ಒಮ್ಮೆ ಲಾಸ್ ಏಂಜಲೀಸ್ ಪಕ್ಕದ ಕಲ್ವರ್ ಸಿಟಿಯಲ್ಲಿ ಅತಿಥಿಗಳನ್ನು ಸಿನಿಮಾ ಸ್ಟುಡಿಯೋ ಟೂರಿಗೆ ಬಿಟ್ಟು, ಬಿಸಿಲು ತಾಳದೆ ಹತ್ತಿರದ ಲೈಬ್ರರಿಗೆ ಹೋಗಿ ಕೂತಳು. ಮೇಜಿನ ಮೇಲೆ ಯಾರೋ ಬಿಟ್ಟುಹೋಗಿದ್ದ ದೊಡ್ಡ ಚಿತ್ರಪುಸ್ತಕವಿತ್ತು. ಅದರಲ್ಲಿ ಆಗ್ರಾದ ಇತಿಮಾದ್-ಉದ್-ದೌಲಾ ಸಮಾಧಿ: ಜಹಾಂಗೀರನ ರಾಣಿ ನೂರ್ ಜಹಾನ್ ತನ್ನ ತಂದೆಗಾಗಿ ಕಟ್ಟಿಸಿದ್ದು, ತಾಜ್ ಮಹಲಿಗಿಂತ ಮೊದಲಿನದು. ಅಮೃತಶಿಲೆಯಲ್ಲಿ ಬಣ್ಣದ ಕಲ್ಲು ಕೂರಿಸಿ ಬಿಡಿಸಿದ ಹೂದಾನಿಗಳು, ಉದ್ದ ಕತ್ತಿನ ಸುರಾಹಿಗಳು, ದಾಳಿಂಬೆಗಳು. ಒಬ್ಬ ಮಗಳು ಅಪ್ಪನಿಗೆ ಇಷ್ಟು ಚಂದದ ಮನೆ ಕಟ್ಟಿಸಿದಳೇ ಎಂದು ಶಾಮಲಾ ನೋಡುತ್ತಲೇ ಕೂತಳು. ಅತಿಥಿಗಳು ಫೋನ್ ಮಾಡಿ "ಎಲ್ಲಿ ಹೋಗಿಬಿಟ್ರಿ? ನಾವು ಬಿಸಿಲಲ್ಲಿ ನಿಂತಿದ್ದೀವಿ" ಎಂದು ಸಿಡುಕಿದರು.

೨೦೨೪ರ ಫೆಬ್ರವರಿಯಲ್ಲಿ ಸಂಬಂಧಿಕರ ಮದುವೆಗೆಂದು ಇಡೀ ಮನೆ ದೆಹಲಿಗೆ ಹೊರಟಿತು. ಶಾಮಲಾ ಕೇಳಿದ್ದು ಒಂದೇ. "ರೀ, ಆಗ್ರಾಕ್ಕೆ ಹೋದಾಗ ಆ ಸಮಾಧಿ ನೋಡ್ಬೇಕು."

"ನೋಡೋಣ, ಅದೇನು ದೊಡ್ಡ ವಿಷಯ" ಎಂದ ಅರವಿಂದ.

ಆಗ್ರಾದಲ್ಲಿ ಎಲ್ಲವೂ ದೊಡ್ಡ ವಿಷಯವೇ ಆಯಿತು. ತಾಜ್ ಮಹಲಿನ ಎದುರು ಅರವಿಂದನ ಅಕ್ಕ ಉಷಾ ಗುಮ್ಮಟದ ತುದಿ ಹಿಡಿದಂತೆ ಫೋಟೋ ತೆಗೆಸಿಕೊಳ್ಳಲು ಹೋಗಿ, ಬೆರಳು ಸರಿಯಾಗಿ ಕೂರದೆ ಮತ್ತೆ ಮತ್ತೆ ತೆಗೆಸಿದಳು. ಆಮೇಲೆ ಬೂದುಗುಂಬಳದ ಮಿಠಾಯಿ ಪೇಠಾ ಮಾರುವ ಅಂಗಡಿ. ಆಮೇಲೆ ಚಪ್ಪಲಿ ಅಂಗಡಿ. ಸಂಜೆ ಹತ್ತಿರವಾಗುತ್ತಿದ್ದಂತೆ ವ್ಯಾನಿನ ಡ್ರೈವರು ಯಾವುದೋ ಮಾರ್ಬಲ್ ಶೋರೂಮಿನ ಮುಂದೆ ತಂದು ನಿಲ್ಲಿಸಿದ.

"ಇದು ಬೇಡ ರೀ, ಹೊತ್ತಾಯ್ತು. ಸೂರ್ಯ ಮುಳುಗಿದ್ಮೇಲೆ ಗೇಟ್ ಹಾಕ್ತಾರೆ" ಎಂದಳು ಶಾಮಲಾ.

"ಒಂದು ಟ್ರೇ ನೋಡ್ಕೊಂಡು ಬಂದ್ಬಿಡ್ತೀವಿ" ಎಂದ ಅರವಿಂದ.

ಉಷಾ ಕೆಳಗಿಳಿಯುತ್ತಾ, "ಅಲ್ಲ ಶಾಮಲಾ, ಅದೂ ಗೋರಿ, ಇದೂ ಗೋರಿ. ದೊಡ್ಡದು ನೋಡಿದ್ಮೇಲೆ ಚಿಕ್ಕದ್ಯಾಕೆ?" ಎಂದಳು.

ಶಾಮಲಾಳ ಮುಖ ಕೆಂಪಾಯಿತು. "ಉಷಕ್ಕ, ನೀವು ಬಂದಾಗ ಝೂ ನೋಡಿದ್ಮೇಲೆ ಸಫಾರಿ ಪಾರ್ಕಿಗೂ ಕರ್ಕೊಂಡು ಹೋಗಿದ್ದೆ. ಅಲ್ಲೂ ಜಿರಾಫೆ, ಇಲ್ಲೂ ಜಿರಾಫೆ ಅಂತ ನಾನು ಅಂದ್ನಾ?" ಎಂದವಳೇ ರಸ್ತೆಗಿಳಿದು ಆಟೋಗೆ ಕೈ ಅಡ್ಡ ಹಿಡಿದಳು. ಅರವಿಂದ ಬಾಯಿ ತೆರೆಯುವಷ್ಟರಲ್ಲಿ ಕಾಲೇಜು ಓದುತ್ತಿದ್ದ ಮಗಳು ಹರಿಣಿ "ವೇಟ್, ಐಯಾಮ್ ಕಮಿಂಗ್" ಎನ್ನುತ್ತಾ ಓಡಿಬಂದು ಪಕ್ಕದಲ್ಲಿ ಕೂತಳು.

ಯಮುನೆಯ ಸೇತುವೆ ದಾಟುವಾಗಲೇ ಫೋನು ಬಡಿದುಕೊಂಡಿತು. ಅರವಿಂದ. "ನನ್ನ ಬಿಪಿ ಮಾತ್ರೆ ಎಲ್ಲಿಟ್ಟಿದ್ದೀಯ?" ಹೇಳಿದಳು. ಟಿಕೆಟ್ ಕೊಳ್ಳುವಾಗ ಮತ್ತೆ. "ಚಾರ್ಜರ್ ಎಲ್ಲಿದೆ?" ಅದನ್ನೂ ಹೇಳಿದಳು. ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಮೂರನೇ ಸಲ ಬಡಿದುಕೊಂಡಾಗ "ಥತ್" ಎಂದು ಸ್ವಿಚ್ ಆಫ್ ಮಾಡಿ ಬ್ಯಾಗಿನ ತಳಕ್ಕೆ ತುರುಕಿದಳು.

ಎದುರಿಗೆ ನಾಲ್ಕು ಚೌಕದ ತೋಟ. ನಡುವೆ ಕಲ್ಲಿನ ಕಾಲುವೆಗಳು, ನೀರಿರಲಿಲ್ಲ. ಅವುಗಳ ಕೊನೆಗೆ, ಆಭರಣದ ಪೆಟ್ಟಿಗೆಯಂಥ ಪುಟ್ಟ ಕಟ್ಟಡ. ಜನ ಕಡಿಮೆ. ಗಿಳಿಗಳ ಗಲಾಟೆಯೇ ಜಾಸ್ತಿ. ಶಾಮಲಾ ಗೋಡೆಯ ಹತ್ತಿರ ಹೋಗಿ, ಮುಟ್ಟದೆ, ಒಂದೊಂದೇ ಹೂವನ್ನು ನೋಡುತ್ತಾ ಸಾಗಿದಳು. ಬೆಳಿಗ್ಗೆಯಿಂದ ಕುದಿಯುತ್ತಿದ್ದದ್ದು ಸ್ವಲ್ಪ ಇಳಿಯಿತು.

ಒಳಗೆ ಜಾಲಂಧ್ರದಿಂದ ಬಿದ್ದ ಬೆಳಕಿನಲ್ಲಿ ಹಳದಿ ಕಲ್ಲಿನ ಎರಡು ಗೋರಿಗಳಿದ್ದವು. ಶಾಮಲಾ ಕಾವಲಿನವನನ್ನು ತನ್ನ ಹರುಕು ಹಿಂದಿಯಲ್ಲಿ ಕೇಳಿದಳು. ಅವನು ಒಂದನ್ನು ತೋರಿಸಿ ಇತಿಮಾದ್-ಉದ್-ದೌಲಾ, ದೊಡ್ಡ ವಜೀರ ಎಂದ.

"ಪಕ್ಕದ್ದು ಯಾರದು?"

"ಅವರ ಹೆಂಡತಿಯದು."

"ಹೆಸರು?"

ಅವನು ನಕ್ಕು ಭುಜ ಕುಣಿಸಿದ. ಇಳಿದಿದ್ದ ಕೋಪ ಮತ್ತೆ ನೆತ್ತಿಗೇರಿತು. "ನೋಡೇ ಹರಿಣಿ, ಮಗಳು ಇಬ್ಬರಿಗೂ ಸೇರಿಸಿ ಕಟ್ಟಿಸಿದ್ದಾಳೆ. ಹೆಸರು ಮಾತ್ರ ಅಪ್ಪಂದು. ನನಗೂ ಇಷ್ಟು ದಿನ ಗೊತ್ತಿರ್ಲಿಲ್ಲ!"

ಹರಿಣಿ ಫೋನಿನಲ್ಲಿ ಹುಡುಕಿದಳು. "ಅಸ್ಮತ್ ಬೇಗಂ. ಅಮ್ಮಾ, ಶಿ ಮೇಡ್ ರೋಸ್ ಅತ್ತರ್! ಜಹಾಂಗೀರ್ ರೋಟ್ ಅಬೌಟ್ ಇಟ್."

"ಅಸ್ಮತ್ ಬೇಗಂ" ಎಂದು ಶಾಮಲಾ ಕಾವಲಿನವನಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು. ಅವನು ತಲೆಯಾಡಿಸಿದ. ಹೆಸರು ಕಲಿತನೋ ಇಲ್ಲವೋ ಗೊತ್ತಿಲ್ಲ. ಮುಚ್ಚುವ ಹೊತ್ತಿನ ಸೀಟಿ ಊದುವವರೆಗೂ ತಾಯಿ ಮಗಳು ನದಿಯ ಕಡೆಯ ಕೆಂಪುಕಲ್ಲಿನ ಮಂಟಪದಲ್ಲಿ ಕೂತಿದ್ದರು.

ಗೇಟಿನ ಹೊರಗೆ ವ್ಯಾನು ನಿಂತಿತ್ತು. "ಫೋನ್ ಯಾಕೆ ಆಫ್ ಮಾಡ್ದೆ? ನಾವೆಷ್ಟು ಗಾಬರಿಯಾದ್ವಿ ಗೊತ್ತಾ?" ಎಂದು ಅರವಿಂದ ರೇಗಿದ.

"ಚಾರ್ಜರ್ ಸಿಗ್ತಾ?" ಎಂದು ಕೇಳಿ ಶಾಮಲಾ ಹತ್ತಿ ಕೂತಳು. ದೆಹಲಿಯ ದಾರಿಯಲ್ಲಿ ಉಷಾ ಪೇಠಾ ಡಬ್ಬಿ ತೆರೆದು ಒಂದು ಸುತ್ತು ಹಂಚಿದಳು.

ಮೀರಾ ಮೆಸಾಕ್ಕೆ ಮರಳಿದ ಮೇಲೆ ಶಾಮಲಾ ಬದಲಾಗಿಬಿಟ್ಟಳು ಎಂದರೆ ಸುಳ್ಳಾಗುತ್ತದೆ. ಅತಿಥಿಗಳು ಬರುತ್ತಲೇ ಇದ್ದಾರೆ, ಅವಳು ರೇಗುತ್ತಲೇ ಕಾರು ತೆಗೆಯುತ್ತಾಳೆ. ಆದರೆ ಬರುವ ಚಳಿಗಾಲಕ್ಕೆ ಆಗ್ರಾದಲ್ಲಿ ಎರಡು ರಾತ್ರಿಗೆ ರೂಮು ಬುಕ್ ಮಾಡಿದ್ದಾಳೆ, ತನಗೂ ಹರಿಣಿಗೂ. ಅರವಿಂದ ಬರುತ್ತಾನೋ ಎಂದು ಅವಳು ಇನ್ನೂ ಕೇಳಿಲ್ಲ. ಅವನಿಗೆ ವಿಷಯ ಗೊತ್ತಾಗಿದೆ. ಎರಡು ದಿನದಿಂದ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಗಂಟಲು ಸರಿಮಾಡಿಕೊಂಡು ಹಿಂದಿರುಗುತ್ತಾನೆ.